ಟ್ರಾಮಿನೊಳಗಿನ ಉಸಿರು

ನಮ್ಮ ಸ್ಟುಡಿಯೋದ ಸಂಗ್ರಹದಲ್ಲಿ ಎಲ್ಲ ಬಗೆಯ ಗದ್ದಲಗಳಿವೆ. ಮೀನಿನ ಮಾರುಕಟ್ಟೆ, ಬಂದರು, ರೈಲು ನಿಲ್ದಾಣ, ಫುಟ್ಬಾಲ್ ಮೈದಾನ, ಚರ್ಚಿನ ಅಂಗಳ. ಅಡಿಲೇಡಿನಲ್ಲಿ ಸೌಂಡ್ ಎಡಿಟರ್ ಆಗಿ ಸೇರಿದ ಮೇಲೆ ಮ್ಯೂಸಿಯಂಗಳು ಕೇಳಿದ್ದನ್ನು ನಾನು ಅದರಿಂದಲೇ ಕತ್ತರಿಸಿ ಜೋಡಿಸಿ ಕೊಡುತ್ತಿದ್ದೆ. ಒಬ್ಬ ಮನುಷ್ಯನನ್ನು ಕೊಲ್ಲಲು ಬರುವ ಗುಂಪಿನ ಸದ್ದು ಮಾತ್ರ ಅದರಲ್ಲಿ ಇರಲಿಲ್ಲ.

ಅದನ್ನು ಕೇಳಿದವಳು ಪ್ರದರ್ಶನವೊಂದರ ನಿರ್ಮಾಪಕಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನಗರಗಳಲ್ಲಿ ನಡೆದ ಜನಾಂಗೀಯ ದಂಗೆಗಳ ಬಗೆಗಿನ ಪ್ರದರ್ಶನ ಅದು. ಮೊದಲು ಅಡಿಲೇಡ್, ಆಮೇಲೆ ಬ್ರಿಸ್ಬೇನ್, ಕೊನೆಗೆ ಪರ್ತ್. ಅದರ ನಡುವೆ ಒಂದು ಕತ್ತಲೆ ಕೋಣೆ, ಕೋಣೆಯೊಳಗೆ ಹಳೆಯ ಟ್ರಾಮಿನ ಮಾದರಿ. ಬಂದವರು ಮರದ ಬೆಂಚಿನ ಮೇಲೆ ಕುಳಿತು ಹೆಡ್‌ಫೋನ್ ಹಾಕಿಕೊಳ್ಳಬೇಕು. ಕೆಲಸ ಮುಗಿಸಿ ಮನೆಗೆ ಹೊರಟ ಒಬ್ಬ ಕಪ್ಪು ಕಾರ್ಮಿಕ ಆ ಜಾಗದಲ್ಲಿ ಕುಳಿತಿದ್ದಾನೆ ಎಂದುಕೊಳ್ಳಬೇಕು. ಬಿಳಿಯರ ಗುಂಪು ಬೀದಿಯಲ್ಲಿ ಟ್ರಾಮನ್ನು ನಿಲ್ಲಿಸುತ್ತದೆ, ಹತ್ತಿ ಬರುತ್ತದೆ, ಅವನನ್ನು ಹಿಡಿದೆಳೆಯುತ್ತದೆ. ಅವನ ಕಿವಿಗೆ ಬಿದ್ದದ್ದಷ್ಟೇ ನಮಗೂ ಕೇಳಬೇಕು. ಬಾಗಿಲು ದಾಟುವಷ್ಟರಲ್ಲಿ ಸದ್ದು ನಿಲ್ಲುತ್ತದೆ.

ನಿರ್ಮಾಪಕಿ ಓದಲು ಕೊಟ್ಟಿದ್ದ ಹಳೆಯ ವರದಿಗಳನ್ನು ನಾನು ಕೆಲಸದ ಕಣ್ಣಿನಿಂದಲೇ ಓದಿದೆ: ಎಷ್ಟು ಜನ, ಯಾವ ಕಡೆಯಿಂದ ಬಂದರು, ಕೈಯಲ್ಲಿ ಏನಿತ್ತು, ಕಿಟಕಿ ಯಾವಾಗ ಒಡೆಯಿತು. ಹೊಡೆತಗಳ ವಿವರ ಬೇಕಾದಷ್ಟಿತ್ತು. ನಾನು ಗುರುತು ಹಾಕಿಕೊಂಡದ್ದು ಬೇರೊಂದನ್ನು. ಆ ಗುಂಪುಗಳಲ್ಲಿ ಹೆಂಗಸರಿದ್ದರು. ಅವರು ನಗುತ್ತಿದ್ದರು.

ಮ್ಯೂಸಿಯಂ ಒಂದು ಷರತ್ತು ಹಾಕಿತ್ತು. ಆ ಗುಂಪು ಕೂಗಿದ ಬೈಗುಳಗಳನ್ನು ಯಾರೂ ಉಚ್ಚರಿಸಬಾರದು, ನಟನೆಗೂ ಸಹ. "ಪದ ಕೇಳಿಸಬಾರದು. ದ್ವೇಷ ಮಾತ್ರ ಕೇಳಿಸಬೇಕು," ಎಂದಳು ನಿರ್ಮಾಪಕಿ.

ಮೊದಲು ನಾಟಕ ಕಲಿಯುವ ವಿದ್ಯಾರ್ಥಿಗಳನ್ನು ಕರೆಸಿ ಅರ್ಥವಿಲ್ಲದ ಶಬ್ದಗಳನ್ನು ಕೂಗಿಸಿದೆ. ಎಷ್ಟು ಸಲ ಮಾಡಿಸಿದರೂ ಫುಟ್ಬಾಲ್ ಮೈದಾನದಂತೆಯೇ ಕೇಳುತ್ತಿತ್ತು. ಅರ್ಥವಿಲ್ಲದ್ದನ್ನು ಕೂಗುವ ಬಾಯಿಗೆ ಸಿಟ್ಟು ಬರುವುದಿಲ್ಲ. ಮಾತು ನಿಜವಾದದ್ದಾಗಿರಬೇಕು, ಆದರೆ ಪ್ರದರ್ಶನಕ್ಕೆ ಬರುವವರಿಗೆ ಅರ್ಥವಾಗಬಾರದು. ಹಾಗಿದ್ದರೆ ಕನ್ನಡದಲ್ಲಿ ಕೂಗಿಸಬಹುದು ಎಂದು ನಾನೇ ಸೂಚಿಸಿದೆ. ನಿರ್ಮಾಪಕಿ ಕೂಡಲೇ ಒಪ್ಪಿದಳು.

ಅಡಿಲೇಡಿನ ಬಡಾವಣೆ ಬ್ಲೇರ್ ಅಥಾಲ್‌ನಲ್ಲಿ ನಮ್ಮವರನ್ನೆಲ್ಲ ಒಟ್ಟು ಸೇರಿಸುವ ಒಬ್ಬ ಅಂಕಲ್ ಇದ್ದರು. ಯುಗಾದಿ, ರಾಜ್ಯೋತ್ಸವ ಎಲ್ಲ ಅವರದೇ ಉಸ್ತುವಾರಿ. ಮನೆಯ ಹಿಂಭಾಗದ ಕೋಣೆಗಳನ್ನು ಕರ್ನಾಟಕದಿಂದ ಬಂದ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಫೋನ್ ಮಾಡಿದೆ.

"ಗಲಾಟೆ ಮಾಡೋದಕ್ಕೆ ಕನ್ನಡದೋರು ಬೇಕಾ? ಅದೊಂದಕ್ಕೆ ನಾವು ಫೇಮಸ್ ಅಲ್ವಲ್ಲಮ್ಮ," ಎಂದು ನಕ್ಕರು. "ಸಂಡೇ ಅರ್ವೋ, ಮಧ್ಯಾಹ್ನ ಇಟ್ಕೋ. ಹಾಲ್ ನಾನೇ ಮಾತಾಡ್ತೀನಿ. ನಿಮ್ಮ ಆಂಟಿ ಬಿಸಿಬೇಳೆಬಾತ್ ಮಾಡ್ತಾಳೆ."

ಹಾಲಿನಲ್ಲಿ ಕುರ್ಚಿಗಳನ್ನು ಎರಡು ಸಾಲಾಗಿ ಇಟ್ಟು ಟ್ರಾಮಿನ ಅಳತೆ ಗುರುತು ಮಾಡಿದೆ. ಅಡುಗೆ ಮೂಲೆಯ ಫ್ರಿಜ್ ಗುಂಯ್ ಎನ್ನುತ್ತಿತ್ತು. ಅದನ್ನು ಆಫ್ ಮಾಡಿ ನನ್ನ ಕಾರಿನ ಕೀಯನ್ನು ಒಳಗಿಟ್ಟೆ. ಮನೆಗೆ ಹೋಗುವಾಗ ಕೀ ತೆಗೆಯಲೇಬೇಕಲ್ಲ, ಆಗ ಮತ್ತೆ ಆನ್ ಮಾಡುವುದು ನೆನಪಾಗುತ್ತದೆ. ನಮ್ಮ ಕೆಲಸದವರೆಲ್ಲ ಮಾಡುವ ಉಪಾಯ ಅದು. ನಾನು ಬಾಗಿಲು ಮುಚ್ಚುವ ಮೊದಲು ಒಬ್ಬ ಯುವಕ ತನ್ನ ಊಟದ ಡಬ್ಬಿ ಹಿಡಿದು ಬಂದ. ಅಂಕಲ್ ಮನೆಯಲ್ಲಿ ಬಾಡಿಗೆಗಿದ್ದ ನರ್ಸಿಂಗ್ ವಿದ್ಯಾರ್ಥಿ, ರಾಯಚೂರಿನ ಕಡೆಯವನು.

"ಅದು ಅಲ್ಲೇ ಕಟ್ಟೆ ಮೇಲೆ ಇರ್ಲಿ ಬಿಡಪ್ಪ. ಒಳಗೆ ಮೊಸರಿದೆ," ಎಂದರು ಆಂಟಿ.

ಅವನು ಡಬ್ಬಿಯನ್ನು ಕಟ್ಟೆಯ ತುದಿಯಲ್ಲಿಟ್ಟ.

ಹೆಂಗಸರ ಬಳೆಗಳದ್ದೇ ಒಂದು ದೊಡ್ಡ ಚರ್ಚೆಯಾಯಿತು. ಆ ಕಾಲದ ಅಮೆರಿಕದ ಬೀದಿಯಲ್ಲಿ ಗಾಜಿನ ಬಳೆ ಸದ್ದು ಮಾಡುವಂತಿರಲಿಲ್ಲ. ತೆಗೆಯಿರಿ ಎಂದೆ.

"ಮುತ್ತೈದೆಯರ ಕೈ ಬರಿದು ಮಾಡಿಸ್ತೀಯಲ್ಲೇ. ಅದೂ ಯಾವೋನೋ ಅಮೆರಿಕದೋನಿಗೋಸ್ಕರ," ಎಂದರು ಆಂಟಿ.

ಕೊನೆಗೆ ಬಳೆಗಳ ಮೇಲೆ ಕರವಸ್ತ್ರ ಸುತ್ತಿ ಕಟ್ಟಿಕೊಳ್ಳಲು ಒಪ್ಪಿದರು.

ಟ್ರಾಮಿನಲ್ಲಿ ಕುಳಿತವನ ಕಿವಿಗೆ ಕೇಳಿದಂತೆಯೇ ಹಿಡಿಯಬೇಕಾದರೆ ಮೈಕ್‌ಗಳು ಮನುಷ್ಯನ ಕಿವಿಯಲ್ಲೇ ಇರಬೇಕು. ಕಡಲೆಕಾಳಿನಷ್ಟು ಚಿಕ್ಕ ಎರಡು ಮೈಕ್, ಒಂದೊಂದು ಕಿವಿಗೆ ಒಂದೊಂದು. ಧರಿಸಿದವನು ತಲೆ ಆಡಿಸಬಾರದು, ಮಾತಾಡಬಾರದು, ಕುರ್ಚಿಯಲ್ಲಿ ಮಿಸುಕಬಾರದು. ನಾನು ದೂರದಲ್ಲಿ ಕುಳಿತು ಹೆಡ್‌ಫೋನಿನಲ್ಲಿ ಕೇಳುತ್ತ ಸದ್ದಿನ ಮಟ್ಟ ನೋಡಿಕೊಳ್ಳಬೇಕಿತ್ತು. ಯಾರು ಕೂರುತ್ತೀರಿ ಎಂದು ಕೇಳಿದೆ.

"ನಾ ಕುಂದ್ರತೀನ್ರಿ ಅಕ್ಕಾರ. ನನಗ ಒದರಾಕ ಬರಂಗಿಲ್ಲ," ಎಂದ ವಿದ್ಯಾರ್ಥಿ.

"ಕರೆಕ್ಟಾಗಿದೆ. ಮೇಕಪ್ಪೂ ಬೇಕಾಗಿಲ್ಲ," ಎಂದರು ಯಾರೋ. ಹಾಲೆಲ್ಲ ನಕ್ಕಿತು. ಅವನೂ ನಕ್ಕ.

ಮೈಕ್ ಸಿಕ್ಕಿಸುತ್ತ ಅವನಿಗೆ ನಿಯಮ ಹೇಳಿದೆ. "ನಾನು ಕೈ ಇಳಿಸುವವರೆಗೆ ಏನೇ ಆದರೂ ಮಾತಾಡಬೇಡಿ, ಅಲುಗಾಡಬೇಡಿ."

"ಉಸುರು ಬಿಡಬಹುದೇನ್ರಿ?"

"ಅದು ಬೇಕು."

ಮೊದಲ ಟೇಕ್‌ಗಳು ಕೆಲಸಕ್ಕೆ ಬರಲಿಲ್ಲ. ಬಾಗಿಲಿಂದ ಕುರ್ಚಿಗಳವರೆಗೆ ಬರುವಷ್ಟರಲ್ಲಿ ಯಾರಾದರೊಬ್ಬರು ನಕ್ಕುಬಿಡುತ್ತಿದ್ದರು. ಒಮ್ಮೆ ಎಲ್ಲರೂ ಸೇರಿ "ಈ ಸಲ ಕಪ್ ನಮ್ದೇ" ಎಂದು ಕೂಗಿದರು. ಇನ್ನೊಮ್ಮೆ ಅಂಕಲ್, "ಏಯ್, ಟಿಕೆಟ್ ತಗೊಂಡಿದ್ದೀಯೇನೋ?" ಎಂದು ಬಿಎಂಟಿಸಿ ಕಂಡಕ್ಟರನ ಹಾಗೆ ಗದರಿಸಿದರು. ನನಗೆ ಬೇಕಿದ್ದ ನಗು ಇದಲ್ಲ.

ಗುಂಪಿಗೆ ಸಿಟ್ಟು ಬರಿಸಲು ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ದೊಡ್ಡ ಕಾರಣ ಕೊಡಬಾರದು, ಚಿಕ್ಕದೊಂದು ಕೊಡಬೇಕು. ನಿಮ್ಮ ಕಾರ್ ನಿಲ್ಲಿಸುವ ಜಾಗ ಕಿತ್ತುಕೊಂಡ ಎಂದರೆ ಸಾಕು, ಜನ ನಿಜವಾಗಿ ಕೂಗುತ್ತಾರೆ. ನಾನು ಅದನ್ನೇ ಮಾಡಿದೆ. "ಅಮೆರಿಕ ಮರೆತುಬಿಡಿ. ಎದುರಿಗೆ ಕೂತಿರುವವನು ನಿಮ್ಮದೇನನ್ನೋ ಹಾಳುಮಾಡಿದ್ದಾನೆ. ಏನು ಅಂತ ನೀವೇ ಯೋಚನೆ ಮಾಡಿ, ಅದನ್ನೇ ಕೇಳಿ," ಎಂದೆ.

ಗುಂಪು ಮತ್ತೆ ಬಾಗಿಲ ಹತ್ತಿರ ಹೋಗಿ ನಿಂತಿತು. ನಾನು ಕೈ ಎತ್ತಿದೆ.

ಅಂಕಲ್ ಮೊದಲು ಶುರು ಮಾಡಿದರು. "ಯಾರ ಪಾತ್ರೇಲಿ ಬೇಯಿಸಿದ್ಯೋ ಮಾಂಸ?"

ದನಿ ಬೇರೆಯಾಗಿತ್ತು. ನನ್ನ ಎಡಗಿವಿಯಲ್ಲಿ ದೂರದಿಂದ ಹತ್ತಿರಕ್ಕೆ ಬಂತು. ಹಿಂದೆಯೇ ಆಂಟಿ. "ನಾವು ಊರಿಗೆ ಹೋದಾಗ, ನನ್ನ ಒಲೆ ಮೇಲೆ. ವಾಸನೆ ಇನ್ನೂ ಹೋಗಿಲ್ಲ."

ಉಳಿದವರಿಗೆ ಈ ವಿಷಯ ಗೊತ್ತಿತ್ತೋ ಇಲ್ಲವೋ ನಾನರಿಯೆ. ಎತ್ತಿಕೊಳ್ಳಲು ಅವರಿಗೆ ಹೊತ್ತು ಹಿಡಿಯಲಿಲ್ಲ. "ಹೊರಗೆ ಹಾಕಿ ಅವನನ್ನ." "ಮನೆಗೆ ಸೇರಿಸಿದ್ದೇ ತಪ್ಪು." "ಹೆಸರು ಕೇಳಿದಾಗಲೇ ಗೊತ್ತಾಗ್ಬೇಕಿತ್ತು." ಬಲಗಿವಿಯ ತೀರ ಹತ್ತಿರ ಒಬ್ಬ ಗಂಡಸು ಮೆಲ್ಲಗೆ, ಬಹುತೇಕ ಪ್ರೀತಿಯಿಂದ, "ಮುಖ ನೋಡೋ, ತಳ ಹಿಡಿದ ಪಾತ್ರೆ," ಎಂದ. ಹಿಂದೆ ಒಬ್ಬ ಹೆಂಗಸು ನಕ್ಕಳು. ಅದು ನಾನು ವರದಿಗಳಲ್ಲಿ ಗುರುತು ಹಾಕಿದ್ದ ನಗು. ನನ್ನ ಬೆನ್ನ ಹಿಂದೆ ಯಾರೂ ಇಲ್ಲವೆಂದು ಗೊತ್ತಿದ್ದರೂ ತಿರುಗಿ ನೋಡಿದೆ.

"ಆಸ್ಟ್ರೇಲಿಯಾಗೆ ಬಂದ್ರೂ ಕೇರಿ ಬುದ್ಧಿ ಬಿಡಲ್ವಲ್ಲೋ," ಎಂದರು ಅಂಕಲ್. ಅವರು ಈಗ ಅವನ ಮುಂದೆಯೇ ನಿಂತಿದ್ದರು. "ಎಲ್ಲಿ ಕೂರಿಸ್ಬೇಕೋ ಅಲ್ಲೇ ಕೂರಿಸ್ಬೇಕು ನಿಮ್ಮನ್ನ."

ಮೀಟರಿನ ಸೂಚಿ ಕೆಂಪು ಮುಟ್ಟದೆ ಅದರ ಕೆಳಗೇ ಆಡುತ್ತಿತ್ತು. ಮಟ್ಟ ಸರಿಯಾಗಿತ್ತು. ಕುರ್ಚಿಯಲ್ಲಿದ್ದವನು ಅಲುಗಾಡಲಿಲ್ಲ. ಅವನ ಕಣ್ಣು ನನ್ನ ಎತ್ತಿದ ಕೈಯ ಮೇಲೆ ನೆಟ್ಟಿತ್ತು. ಸ್ಕ್ರಿಪ್ಟಿನ ಪ್ರಕಾರ ಕೊನೆಯಲ್ಲಿ ಅಂಕಲ್ ಅವನ ತೋಳು ಹಿಡಿದು ಎಬ್ಬಿಸಬೇಕಿತ್ತು. ಅವರು ಭುಜದ ಅಂಗಿ ಹಿಡಿದು ಎಳೆದರು, ಹೊಲಿಗೆ ಬಿಚ್ಚಿದ ಸದ್ದು ಎರಡೂ ಕಿವಿಯಲ್ಲಿ ಬಂತು. ಕುರ್ಚಿ ಉರುಳಿತು. ಅವನು ಬಾಗಿಲು ದಾಟಿದ ಮೇಲೆ ನಾನು ಕೈ ಇಳಿಸಿದೆ.

"ಸಖತ್ತಾಗಿ ಬಂತು ಅಲ್ವಾ?" ಎಂದು ಯಾರೋ ಕೇಳಿದರು. ಚಪ್ಪಾಳೆ ಬಿತ್ತು. ಆಂಟಿ ಬಳೆಯ ಕರವಸ್ತ್ರ ಬಿಚ್ಚುತ್ತ ಬಿಸಿಬೇಳೆಬಾತಿನ ಮುಚ್ಚಳ ತೆಗೆಯಲು ಹೋದರು.

ವಿದ್ಯಾರ್ಥಿ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದ. ಅವನ ಕಿವಿಯಿಂದ ಮೈಕ್ ತೆಗೆದೆ. ಅವು ಬೆವರಿನಿಂದ ಒದ್ದೆಯಾಗಿದ್ದವು.

"ಸರಿ ಬಂತೇನ್ರಿ ಅಕ್ಕಾರ?"

"ಬಂತು."

"ಇನ್ನೊಮ್ಮಿ ಮಾಡೂದು ಬ್ಯಾಡಲ್ರೀ?"

"ಬೇಡ."

ಅವನು ಒಳಗಿಂದ ತನ್ನ ಡಬ್ಬಿ ತಂದು ಅಲ್ಲೇ ಕುಳಿತು ಉಂಡ. ನಾನು ಕೀ ತೆಗೆದುಕೊಂಡು ಫ್ರಿಜ್ ಆನ್ ಮಾಡಿದೆ.

ಮಾರನೆಯ ದಿನ ನಿರ್ಮಾಪಕಿ ಆ ಟೇಕನ್ನು ಕೇಳಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ನಂತರ, ಇದೇ ಇರಲಿ, ಒಂದು ಚೂರೂ ಮುಟ್ಟಬೇಡ ಎಂದಳು. ಆದರೆ ಪ್ರದರ್ಶನದಲ್ಲಿ ಬೇರೆ ಭಾಷೆಯ ಮಾತು ಬಂದರೆ ಅದರ ಅನುವಾದ ಮ್ಯೂಸಿಯಂ ಬಳಿ ಇರಬೇಕಿತ್ತು, ಕೂಗಿದವರ ಒಪ್ಪಿಗೆಯೂ ಬೇಕಿತ್ತು. ಅಂಕಲ್‌ಗೆ ಫೋನ್ ಮಾಡಿ ಇದನ್ನು ತಿಳಿಸಿದೆ.

"ಅನುವಾದ ಯಾಕಮ್ಮ? ಗಲಾಟೆ ತಾನೇ ಅದು?"

"ಮಾತುಗಳು ಸ್ಪಷ್ಟವಾಗಿವೆ ಅಂಕಲ್. ಎಲ್ಲವನ್ನೂ ಬರೆದುಕೊಡಬೇಕು."

ಅವರು ಫೋನ್ ಇಟ್ಟರು. ಸಂಜೆ ಅವರೇ ಸ್ಟುಡಿಯೋಗೆ ಬಂದರು. ಟೇಕನ್ನು ಕೇಳಿಸಿದೆ. ತಮ್ಮ ದನಿ ಬಂದಾಗ ಮೂಗು ಒರೆಸಿಕೊಂಡರು.

"ಬಯ್ಯಿ ಅಂದಿದ್ದು ನೀನೇ ಅಲ್ವಾ?"

"ಹೌದು."

"ಆ್ಯಕ್ಟಿಂಗು ಕಣಮ್ಮ. ನಾನು ಅಂಥೋನಾಗಿದ್ರೆ ಅವನಿಗೆ ಮನೇಲಿ ಜಾಗ ಕೊಡ್ತಿದ್ನಾ?" ಸ್ವಲ್ಪ ತಡೆದು ಮುಂದುವರಿಸಿದರು. "ನಾಳೆ ಯಾರೋ ಇಂಗ್ಲಿಷಲ್ಲಿ ಓದ್ತಾರೆ, ಅಪಾರ್ಥ ಮಾಡ್ಕೋತಾರೆ. ನನ್ನ ಮಗಳು ಇಲ್ಲಿ ಸ್ಕೂಲಿಗೆ ಹೋಗೋಳು. ಅಳಿಸ್ಬಿಡು. ಇದು ಬೆಳೆದ್ರೆ ಅವನಿಗೇ ಕಷ್ಟ. ನನ್ನ ಭಾವಮೈದುನ ಬೇರೆ ಬರ್ತೀನಿ ಅಂತಿದ್ದಾನೆ, ಆ ರೂಮು ನಮಗೂ ಬೇಕಾಗಬಹುದು."

ಅವರು ಒಮ್ಮೆಯೂ ದನಿ ಏರಿಸಲಿಲ್ಲ.

ವಿದ್ಯಾರ್ಥಿ ರಾತ್ರಿ ಪಾಳಿ ಮಾಡುತ್ತಿದ್ದ ವೃದ್ಧಾಶ್ರಮದ ಹೊರಗೆ ಅವನನ್ನು ಬೆಳಿಗ್ಗೆ ಕಂಡೆ. ಅದು ಅವನ ಕೊನೆಯ ಸೆಮಿಸ್ಟರ್. ಆಸ್ಪತ್ರೆಯ ತರಬೇತಿ ಶುರುವಾಗುವುದರಲ್ಲಿತ್ತು, ಅದನ್ನು ತಪ್ಪಿಸಿದರೆ ಕೋರ್ಸ್ ಮುಗಿಯುತ್ತಿರಲಿಲ್ಲ. ಆಗ ಅಡಿಲೇಡಿನಲ್ಲಿ ಬಾಡಿಗೆ ಕೋಣೆ ಸಿಗುವುದು ಎಷ್ಟು ಕಷ್ಟವಾಗಿತ್ತೆಂದರೆ ಅವನ ಸಹಪಾಠಿಗಳಲ್ಲಿ ಇಬ್ಬರು ಕಾರಿನಲ್ಲಿ ಮಲಗುತ್ತಿದ್ದರು.

"ಅಳಸಿಬಿಡ್ರಿ ಅಕ್ಕಾರ. ನನಗ ರೂಮ್ ಬೇಕು," ಎಂದ.

"ಅವರು ಹಾಗೆಲ್ಲ ಅಂದರು ಎಂದು ತೋರಿಸಲು ಅದೊಂದೇ ಇರುವುದು."

"ಯಾರಿಗ ತೋರಸ್ಲಿ?" ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ನಿನ್ನಿ ಅಂಕಲ್ ಒಳಗ ಕರದು ಚಾ ಕೊಟ್ರು. ತಮ್ಮ ಕಪ್ಪಿನಾಗ. ನಾ ಬಂದಾಗಿಂದ ಮೊದಲನೇ ಸಲ."

"ನಾನು ಒಂದು ಪ್ರತಿ ಇಟ್ಟುಕೊಳ್ಳಬಹುದು. ಅವರಿಗೆ ಗೊತ್ತಾಗುವುದಿಲ್ಲ."

"ಬ್ಯಾಡ್ರಿ. ಐತಿ ಅಂತ ಗೊತ್ತಿದ್ರ ನನ್ನ ಮಾರಿಮ್ಯಾಲ ಕಾಣತೈತಿ. ನನಗ ಸುಳ್ಳು ಹೇಳಾಕ ಬರಂಗಿಲ್ಲ."

ನಾನು ಮೂರು ದಾರಿಗಳನ್ನು ಯೋಚಿಸಿದೆ. ಟೇಕನ್ನು ಹಾಗೇ ಕೊಟ್ಟರೆ ಅವನು ಕೋಣೆ ಕಳೆದುಕೊಳ್ಳುತ್ತಾನೆ. ಪೂರ್ತಿ ಬಿಟ್ಟುಬಿಟ್ಟರೆ ನನ್ನ ಬಳಿ ಕೊಡಲು ಏನೂ ಇಲ್ಲ, ಉದ್ಘಾಟನೆ ಹತ್ತಿರವಿತ್ತು. ಮೂರನೆಯದನ್ನು ಆರಿಸಿಕೊಂಡೆ: ಮಾತುಗಳನ್ನು ಮಾತ್ರ ಪುಡಿಮಾಡುವುದು. ಮಾತೇ ಇಲ್ಲದಿದ್ದರೆ ಅನುವಾದದ ಪ್ರಶ್ನೆಯೂ ಇರುವುದಿಲ್ಲ.

ಪ್ರತಿಯೊಂದು ದನಿಯನ್ನೂ ಒಂದು ಅಕ್ಷರಕ್ಕಿಂತ ಚಿಕ್ಕ ಚೂರುಗಳಾಗಿ ಕತ್ತರಿಸಿ ಹಿಂದುಮುಂದು ಮಾಡಿದೆ. ಏರಿಳಿತ ಹಾಗೇ ಉಳಿಯಬೇಕು, ಪದ ಉಳಿಯಬಾರದು. "ಕೇರಿ" ಎಂಬ ಪದ ಎಷ್ಟು ಒಡೆದರೂ ನನ್ನ ಕಿವಿಗೆ ಮತ್ತೆ ಕೂಡಿಕೊಳ್ಳುತ್ತಿತ್ತು, ಹಾಗಾಗಿ ಅದರ ಮೇಲೆ ಟ್ರಾಮಿನ ಕಿಟಕಿ ಒಡೆಯುವ ಸದ್ದನ್ನು ಇಟ್ಟೆ. ಯಾರದೋ ಕೈಯ ಕರವಸ್ತ್ರ ಜಾರಿ ಒಂದು ಬಳೆ ಕಿಣಿಯೆಂದಿತ್ತು, ಅದನ್ನು ತೆಗೆದೆ. ನಗುವನ್ನು ಮುಟ್ಟಲಿಲ್ಲ. ಅದರಲ್ಲಿ ಪದಗಳಿರಲಿಲ್ಲ.

ಮಾತು ಹೋದ ಮೇಲೆ, ಅದುವರೆಗೆ ನಾನು ಗಮನಿಸದಿದ್ದ ಒಂದು ಸದ್ದು ನಡುವೆ ಕೇಳತೊಡಗಿತು. ಅವನ ಉಸಿರು. ಮೊದಲು ಸಮವಾಗಿತ್ತು. "ಪಾತ್ರೆ" ಎಂಬ ಮಾತಿದ್ದ ಜಾಗದಲ್ಲಿ ನಿಂತಿತು. ಆಮೇಲೆ ಚಿಕ್ಕ ಚಿಕ್ಕದಾಗಿ, ಯಾರಿಗೂ ಕೇಳಿಸಬಾರದೆಂಬಂತೆ ಬರುತ್ತಿತ್ತು. ಅದನ್ನು ಬೇರ್ಪಡಿಸಿ ತೆಗೆಯಲು ಸಾಧ್ಯವಿತ್ತು. ನಾನು ಹಾಗೆ ಮಾಡಲಿಲ್ಲ.

ನಿರ್ಮಾಪಕಿ ಹೊಸದನ್ನು ಕೇಳಿ, ಇದು ಮೊದಲಿನದಕ್ಕಿಂತ ಒಳ್ಳೆಯದು ಎಂದಳು. ಪದವಿಲ್ಲ, ದ್ವೇಷವಿದೆ ಎಂದಳು.

ಅಂಕಲ್ ಮತ್ತೆ ಬಂದು ನನ್ನ ಪಕ್ಕದಲ್ಲೇ ಕುಳಿತರು. ಮೂಲ ಟೇಕನ್ನು ಕಂಪ್ಯೂಟರಿನಿಂದ, ರೆಕಾರ್ಡರಿನ ಕಾರ್ಡಿನಿಂದ, ಬ್ಯಾಕಪ್ಪಿನಿಂದ ಅವರ ಎದುರಿಗೇ ಅಳಿಸಿದೆ. ಇನ್ನೆಲ್ಲಾದರೂ ಇದೆಯಾ ಎಂದು ಕೇಳಿದರು. ಇಲ್ಲ ಎಂದೆ. ಅದು ನಿಜವಾಗಿತ್ತು.

ಉದ್ಘಾಟನೆಗೆ ಅವರು ಕುಟುಂಬ ಸಮೇತ ಬಂದರು. ವಿದ್ಯಾರ್ಥಿಯನ್ನೂ ಕರೆತಂದಿದ್ದರು; ಅವನು ಆಂಟಿಯ ಕೋಟು, ಚೀಲ ಹಿಡಿದು ಹಿಂದೆ ನಿಂತಿದ್ದ. ಅಂಕಲ್ ಮತ್ತು ಮಗಳು ಟ್ರಾಮಿನ ಬೆಂಚಿನಲ್ಲಿ ಕುಳಿತು ಹೆಡ್‌ಫೋನ್ ಹಾಕಿಕೊಂಡರು. ಅಂಕಲ್ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದರು. ಮುಗಿಯುವಷ್ಟರಲ್ಲಿ ಮುಖ ಸಡಿಲವಾಗಿತ್ತು.

"ಒಂದು ಪದಾನೂ ಗೊತ್ತಾಗಲ್ಲ. ವೆರಿ ಗುಡ್."

"ಡ್ಯಾಡ್, ವಿಚ್ ಒನ್ ಈಸ್ ಯೂ?" ಎಂದಳು ಮಗಳು.

"ಎಲ್ಲಾ ಕಡೆ ನಾನೇ ಪುಟ್ಟಾ." ನಂತರ ನನ್ನ ಕಡೆ ತಿರುಗಿದರು. "ಅಲ್ಲಮ್ಮ, ಆ ಉಸಿರು ಬಿಡೋನು ಯಾರು? ಆ್ಯಕ್ಟರ್ ಕರೆಸಿದ್ರಾ? ಏನ್ ಚೆನ್ನಾಗಿ ಹೆದರಿದ್ದಾನೆ."

"ಅದು ಇವರೇ ಅಂಕಲ್," ಎಂದು ಅವರ ಹಿಂದೆ ನಿಂತಿದ್ದವನನ್ನು ತೋರಿಸಿದೆ.

ಅಂಕಲ್ ಅವನನ್ನು ನೋಡಿದರು, ನಕ್ಕರು, ಅವತ್ತು ಅಂಗಿ ಹರಿದಿದ್ದ ಅದೇ ಭುಜದ ಮೇಲೆ ತಟ್ಟಿದರು. "ಎಲಾ ಇವನ. ಸುಮ್ನೆ ಕೂತ್ಕೊಂಡೇ ಆ್ಯಕ್ಟಿಂಗ್ ಮಾಡಿದ್ದೀಯಲ್ಲೋ."

ಹೊರಗೆ ಕಾರ್ ಪಾರ್ಕಿನಲ್ಲಿ, ಆಂಟಿ ಕೋಟು ಇಸಿದುಕೊಳ್ಳುತ್ತಿದ್ದಾಗ, ಭಾವಮೈದುನ ಬರುವುದು ಖಾತ್ರಿಯಾಗಿದೆ, ಈ ವಾರದೊಳಗೆ ಕೋಣೆ ಬಿಡಬೇಕು ಎಂದು ಅಂಕಲ್ ಅವನಿಗೆ ಹೇಳಿದರಂತೆ. ಅವನು ಅದನ್ನು ನನಗೆ ತಿಳಿಸಿದ್ದು ಕೋಣೆ ಬಿಟ್ಟಾದ ಮೇಲೆ. ನಾನು ಅಂಕಲ್‌ಗೆ ಫೋನ್ ಮಾಡಿದೆ.

"ಅವನಿಗೇನೂ ಬೇಜಾರಿಲ್ಲಮ್ಮ, ಕೇಳ್ನೋಡು ಬೇಕಾದ್ರೆ," ಎಂದರು. "ನೀನ್ಯಾಕೆ ತಲೆ ಕೆಡಿಸ್ಕೋತೀಯಾ? ರಾಜ್ಯೋತ್ಸವಕ್ಕೆ ಸೌಂಡ್ ಸಿಸ್ಟಮ್ ನೀನೇ ನೋಡ್ಕೋಬೇಕು, ಮರೀಬೇಡ."

ಅವರು ಅವನಿಗೆ ತಮ್ಮ ಕಪ್ಪಿನಲ್ಲಿ ಚಹಾ ಕೊಡುವಂತೆ ಮಾಡಿದ್ದ ಒಂದೇ ವಸ್ತುವನ್ನು ಅವರ ಕಣ್ಣೆದುರೇ ಅಳಿಸಿದ್ದೆ. ಕೆಲಸವನ್ನು ನಾನು ಅಚ್ಚುಕಟ್ಟಾಗಿ ಮಾಡುತ್ತೇನೆ.

ಅವನು ಕೆಲ ದಿನ ಸಹಪಾಠಿಯ ಕಾರಿನಲ್ಲಿ ಮಲಗಿದ. ಅಲ್ಲಿಂದ ಹೊತ್ತಿಗೆ ಸರಿಯಾಗಿ ತರಬೇತಿಗೆ ಹೋಗಲಾಗದೆ ಸೆಮಿಸ್ಟರ್ ಬಿಟ್ಟುಹೋಯಿತು. ಪರ್ತಿನಲ್ಲಿ ಪರಿಚಯದವರಿದ್ದರು. ವೆಲ್ಷ್‌ಪೂಲ್‌ನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿ, ಮೋರ್ಲಿಯಲ್ಲಿ ಇನ್ನು ಕೆಲವರ ಜೊತೆ ಕೋಣೆ ಹಂಚಿಕೊಂಡ. ವೀಸಾದ ವಿಷಯ ಕೇಳಿದರೆ ಮಾತು ಬದಲಿಸುತ್ತಿದ್ದ.

ಪ್ರದರ್ಶನ ಬ್ರಿಸ್ಬೇನ್ ಮುಗಿಸಿ ಪರ್ತಿಗೆ ಹೋಯಿತು. ಎಲ್ಲ ಕಡೆ ಟ್ರಾಮಿನ ಕೋಣೆಯ ಮುಂದೆಯೇ ಹೆಚ್ಚು ಜನ ನಿಲ್ಲುತ್ತಾರೆ ಎಂದು ನಿರ್ಮಾಪಕಿ ಬರೆದಿದ್ದಳು. ಒಂದು ಭಾನುವಾರ ಅವನ ಫೋನ್ ಬಂತು.

"ಹೋಗಿದ್ದೆ ಅಕ್ಕಾರ, ಟ್ರಾಮ್ ನೋಡಾಕ."

ಹೇಗಿತ್ತು ಎಂದು ಕೇಳಿದೆ.

"ಬಾಜೂಕ ಒಬ್ಬಾಕಿ ಕುಂತಿದ್ಲು, ವಯಸ್ಸಾದಾಕಿ. ಇಲ್ಲಿಯಾಕಿನಽ. ಮುಗದಮ್ಯಾಲ ಕಣ್ಣ ಒರಸ್ಕೊಂಡು ನನ್ನ ಕೇಳಿದ್ಲು, ಆ ಮಂದಿ ಏನಂತ ಒದರಾಕತ್ತಿದ್ರು, ನಿನಗೇನರ ತಿಳೀತೇನು ಅಂತ."

"ಏನಂದಿರಿ?"

"ಇಲ್ಲ ಅಂದೆ."

ಹಿಂದೆ ಬಸ್ಸು ಹೋದ ಸದ್ದು ಕೇಳಿಸಿತು.

"ಆಕಿ ಹೋದಮ್ಯಾಲ ಇನ್ನೊಮ್ಮಿ ಕುಂತೆ. ನೀವು ಚಲೋ ಅಳಸೀರ್ರಿ ಅಕ್ಕಾರ, ಯಾರಿಗೂ ತಿಳಿಯಂಗಿಲ್ಲ. ನನಗಷ್ಟಽ ಎಲ್ಲಾ ಕೇಳಸ್ತಾವು. ಒಂದೂ ಬಿಡಂಗಿಲ್ಲ."